ಕೀಶ್: ಗಡಿ ಬದಲಾಗ್ತಾನೇ ಇದ್ದ ಊರಿನ ತಿಂಡಿ (ಅಡುಗೆಮನೆ ಇತಿಹಾಸ, ಭಾಗ 6)

ಹೋದ ಭಾನುವಾರ ನಾನು ಮಾಡಿದ ಕೀಶ್ ಫೋಟೋ ಹಾಕಿದ್ನಲ್ಲ, ಕ್ಲಾಸಿನವರೊಬ್ಬರು "ಚೀಸು, ಈರುಳ್ಳಿ ಹಾಕಿದ್ರೆ ಅದು ಒರಿಜಿನಲ್ ಅಲ್ಲ" ಅಂದ್ರು. ಸರಿ, ಒರಿಜಿನಲ್ ಯಾವ್ದು ಅಂತ ಹುಡುಕ್ತಾ ಹೋದೆ. ಕಥೆ ಯುದ್ಧಕ್ಕೆ ಹೋಗಿ ಮುಟ್ತು!

ಗೊತ್ತಿಲ್ಲದವರಿಗೆ: ಹಿಟ್ಟಿನ ತಳದ ಮೇಲೆ ಮೊಟ್ಟೆ, ಕ್ರೀಮ್ ಕಲಸಿ ಹೊಯ್ದು ಓವನ್‌ನಲ್ಲಿ ಬೇಯಿಸೋದೇ ಕೀಶ್. ತವರು ಫ್ರಾನ್ಸಿನ ಪೂರ್ವ ಅಂಚಿನ ಲೊರೇನ್. ಆದ್ರೆ ಹೆಸರು ಜರ್ಮನ್ ಕಡೆಯದು. ಕೇಕಿಗೆ ಜರ್ಮನ್ನರು ಹೇಳೋ 'ಕೂಖನ್' ಪದದ ನೆಂಟ.

ಲೊರೇನ್ ಸಂಸ್ಥಾನ ಫ್ರಾನ್ಸಿಗೆ ಸೇರಿದ್ದೇ 1766ರಲ್ಲಿ. 1871ರಲ್ಲಿ ಫ್ರಾನ್ಸ್ ಯುದ್ಧ ಸೋತಾಗ ಲೊರೇನ್ ಎರಡು ಹೋಳಾಯ್ತು. ನಾನ್ಸಿ ನಗರ ಫ್ರಾನ್ಸಿನಲ್ಲೇ ಉಳೀತು, ಮೆಸ್ ನಗರ ಜರ್ಮನಿಗೆ ಹೋಯ್ತು. (ಮೆಸ್ ಅಂದ್ರೆ ಹಾಸ್ಟೆಲ್ ಮೆಸ್ ಅಲ್ಲ ಮಾರಾಯ್ರೆ, ಊರಿನ ಹೆಸರೇ ಹಾಗೆ.) ಅಲ್ಲಿ 1865ರಲ್ಲಿ ಹುಟ್ಟಿದ ಒಬ್ಬ ಅಜ್ಜಿಯನ್ನ ಕಲ್ಪಿಸಿಕೊಳ್ಳಿ. ಹುಟ್ಟಿದ್ದು ಫ್ರಾನ್ಸಲ್ಲಿ. ಆರನೇ ವರ್ಷಕ್ಕೆ ಜರ್ಮನಿ. 1918ಕ್ಕೆ ಮತ್ತೆ ಫ್ರಾನ್ಸ್, 1940ಕ್ಕೆ ಹಿಟ್ಲರನ ಜರ್ಮನಿ, 1944ಕ್ಕೆ ಮತ್ತೆ ಫ್ರಾನ್ಸ್. ಮನೆ ಬಿಟ್ಟು ಕದಲದೇನೇ ನಾಲ್ಕು ಸಲ ದೇಶ ಬದಲು! 1940ರ ನಂತರವಂತೂ ಅಲ್ಲಿ ಫ್ರೆಂಚ್ ಮಾತಿಗೇ ನಿಷೇಧ. ಬೀದಿಗಳ ಹೆಸರು, ಜನರ ಹೆಸರು ಕೂಡ ಜರ್ಮನ್ ಮಾಡಿಸಿದ್ರು, ಸಾವಿರಾರು ಜನರನ್ನ ಊರು ಬಿಡಿಸಿದ್ರು. ಇಂಥ ಕಡೆ ಜರ್ಮನ್ ಮೂಲದ ಹೆಸರಿನ ತಿಂಡಿಯೊಂದು 'ಫ್ರೆಂಚ್ ಅಡುಗೆ' ಅಂತ ಜಗತ್ತಿಗೆಲ್ಲ ಗೊತ್ತಾಗಿದೆ.

ಈಗ ತಳದ ವಿಷಯ. ಮೊದಲು ಬಳಸ್ತಿದ್ದದ್ದು ಬ್ರೆಡ್ ಹಿಟ್ಟು. ಬೆಣ್ಣೆ ಉದುರಿಸಿ ಕಲಸೋ ಗರಿಗರಿ ತಳ ಆಮೇಲೆ ಬಂದದ್ದು. ಬೆಣ್ಣೆ ಹಿಟ್ಟಿಗೆ ಅಂಟಿಕೊಂಡು ನೀರನ್ನ ತಡೆಯುತ್ತೆ, ಅದಕ್ಕೇ ತಳ ನಾದಿದ ಹಿಟ್ಟಿನ ಹಾಗೆ ಜಿಗುಟಾಗದೆ ಪುಡಿಪುಡಿ ಆಗುತ್ತೆ. ನಾನು ಜಾಣತನ ತೋರಿಸಿ ಚಪಾತಿ ಹಿಟ್ಟು ಹಾಸಿದ್ದೆ. ಚಪ್ಪಲಿ ಅಟ್ಟೆ ಆಯ್ತು! ಎರಡನೇ ಸಲ ಬೆಣ್ಣೆ ತಳ ಮಾಡಿ, ಮೇಲೆ ಕಾಗದ ಹಾಸಿ, ಒಣ ರಾಜ್ಮಾ ಭಾರ ಇಟ್ಟು ಮೊದಲು ತಳ ಮಾತ್ರ ಬೇಯಿಸಿದೆ. ಆಗ ಉಬ್ಬಲಿಲ್ಲ, ಒದ್ದೆಯೂ ಆಗಲಿಲ್ಲ.

ಚೀಸ್ ವಿಷಯದಲ್ಲಿ ಆ ಕ್ಲಾಸ್‌ಮೇಟ್ ಹೇಳಿದ್ದು ಸರಿ. ಲೊರೇನ್ ಕೀಶ್‌ಗೆ ಮೊಟ್ಟೆ, ಕ್ರೀಮ್, ಬೇಕನ್ ಅಷ್ಟೇ. 1961ರಲ್ಲಿ ಬಂದ ಫ್ರೆಂಚ್ ಅಡುಗೆ ಪುಸ್ತಕದಲ್ಲಿ ಜೂಲಿಯಾ ಚೈಲ್ಡ್ ಕೂಡ ಅಮೆರಿಕದವರಿಗೆ ಹೀಗೇ ಹೇಳಿದ್ರು. ಯಾರು ಕೇಳ್ತಾರೆ? ಚೀಸು, ಪಾಲಕ್, ಬ್ರೊಕೊಲಿ ಎಲ್ಲ ಬಿತ್ತು. 1982ರಲ್ಲಿ 'ನಿಜವಾದ ಗಂಡಸರು ಕೀಶ್ ತಿನ್ನಲ್ಲ' ಅನ್ನೋ ಅರ್ಥದ ಹೆಸರಿನ ತಮಾಷೆ ಪುಸ್ತಕ ಅಲ್ಲಿ ಭರ್ಜರಿ ಮಾರಾಟ ಆಯ್ತು. 2023ರಲ್ಲಿ ಬ್ರಿಟನ್ ರಾಜ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಆರಿಸಿದ ತಿಂಡಿಯೂ ಕೀಶೇ, ಪಾಲಕ್ ಹಾಕಿದ್ದು.

ಈರುಳ್ಳಿ ಹಾಕಿದ್ದು ಮಾತ್ರ ನನ್ನ ತಲೆಹರಟೆ ಅಲ್ಲ. ಲೊರೇನ್ ಪಕ್ಕದ ಅಲ್ಸಾಸ್ ಹೆಸರಿನ ಕೀಶ್‌ಗೆ ಈರುಳ್ಳಿ ಹಾಕ್ತಾರೆ. ಕೊನೇ ಫೋಟೋದಲ್ಲಿರೋದು ಅದೇ. ಆ ಕ್ಲಾಸ್‌ಮೇಟ್ ಎರಡು ತುಂಡು ತಿಂದ್ರು.