ಗೋಡೆ ಹೋಯಿತು, ಬಯಲು ಉಳಿಯಿತು

ಚರ್ಚ್‌ಗೇಟ್ ನಿಲ್ದಾಣದಲ್ಲಿ ನಾವು ಎಷ್ಟು ಸಲ ಇಳಿದಿಲ್ಲ! ಆದರೆ ಅಲ್ಲಿ ಬಾಗಿಲೊಂದನ್ನು ಕಂಡವರು ಯಾರೂ ಇಲ್ಲ. ನಿಲ್ದಾಣ ತೆರೆದದ್ದು 1870ರಲ್ಲಿ. ಅದಕ್ಕೆ ಹೆಸರು ಕೊಟ್ಟ ಬಾಗಿಲು ಅಷ್ಟು ಹೊತ್ತಿಗಾಗಲೇ ನೆಲಸಮವಾಗಿತ್ತು. ಕಾಗದದ ವಿಳಾಸದಲ್ಲಿ ‘ಫೋರ್ಟ್’ ಎಂದು ಬರೆಯುತ್ತೇವೆ; ಕೋಟೆ ಮಾತ್ರ ಕಣ್ಣಿಗೆ ಬೀಳದು. ಬೆಂಗಳೂರಿನ ಹಲಸೂರು ಗೇಟನ್ನೂ ಮೂಡುಬಿದಿರೆಯ ಕೋಟೆಬಾಗಿಲನ್ನೂ ಬಲ್ಲ ನಮಗೆ ಇದು ಹೊಸದೇನಲ್ಲ. ಕಲ್ಲು ಅಳಿದರೂ ಹೆಸರು ಉಳಿಯುತ್ತದೆ.

1668ರಲ್ಲಿ ಈ ದ್ವೀಪ ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ, ಬಂದರಿನ ದಡದ ಒಂದು ಕಿರುದುರ್ಗವೇ ಅದರ ಮುಖ್ಯ ಆಸರೆಯಾಗಿತ್ತು. 1689ರಲ್ಲಿ ಜಂಜೀರಾದ ಸಿದ್ದಿ ಯಾಕೂತ್ ಖಾನ್ ದಂಡೆತ್ತಿ ಬಂದು ದ್ವೀಪದ ಬಹುಭಾಗವನ್ನು ಆಕ್ರಮಿಸಿದನು. ಆಂಗ್ಲರು ದುರ್ಗದೊಳಗೆ ಸಿಲುಕಿಕೊಂಡು ಸಂಧಿಗಾಗಿ ಅಂಗಲಾಚಬೇಕಾಯಿತು. ದುರ್ಗವೊಂದಿದ್ದರೆ ಸಾಲದು, ಪಟ್ಟಣಕ್ಕೇ ಗೋಡೆ ಬೇಕೆಂಬ ಅರಿವು ಈ ಅವಮಾನದಿಂದ ಮೂಡಿತು. 1715ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಬೂನನ ಕಾಲದಲ್ಲಿ ಆ ಗೋಡೆ ಎದ್ದಿತು.

ಅದಕ್ಕೆ ಮೂರು ಬಾಗಿಲುಗಳು. ದಕ್ಷಿಣಕ್ಕೆ ಅಪೋಲೊ ಗೇಟ್, ಉತ್ತರಕ್ಕೆ ಬಜಾರ್ ಗೇಟ್, ಪಶ್ಚಿಮಕ್ಕೆ ಚರ್ಚ್ ಗೇಟ್. ಮೂರನೆಯದಕ್ಕೆ ಹೆಸರು ಬಂದದ್ದು 1718ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚಿನಿಂದ. ಆ ಚರ್ಚಿನ ಬೀದಿ ಪಟ್ಟಣವನ್ನು ಎರಡಾಗಿ ಸೀಳುತ್ತಿತ್ತು. ತೆಂಕಣ ಭಾಗ ಬಹುಮಟ್ಟಿಗೆ ಐರೋಪ್ಯರದು. ಬಡಗಣ ಭಾಗ ಪಾರ್ಸಿಗಳದು, ಬನಿಯಾಗಳದು, ಇತರ ದೇಶೀಯ ವರ್ತಕರದು. ಹೊರಗೋಡೆ ಕಲ್ಲಿನದಾದರೆ, ಒಳಗೋಡೆ ಕಣ್ಣಿಗೆ ಕಾಣದ್ದು. ಹಳೆಯ ಕಾಲದ ದುರ್ಗಗಳಲ್ಲಿದ್ದಂತೆ ಇಲ್ಲಿಯೂ ರಾತ್ರಿ ಬಾಗಿಲುಗಳು ಮುಚ್ಚುತ್ತಿದ್ದವು.

1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಾಯಿಯನ್ನು ಗೆದ್ದಾಗ ಮುಂಬಯಿಯ ಎದೆ ನಡುಗಿತು. ಗೋಡೆಯ ಸುತ್ತ ಕಂದಕ ತೋಡಲು ವರ್ತಕರು ಮೂವತ್ತು ಸಾವಿರ ರೂಪಾಯಿ ಕೂಡಿಸಿಕೊಟ್ಟರು. ಶತ್ರುವಿಗೆ ಮರೆ ಸಿಗಬಾರದು, ಫಿರಂಗಿಯ ಗುರಿಗೆ ಅಡ್ಡಿಯಾಗಬಾರದು ಎಂದು ಹೊರಗಿನ ಮನೆಗಳನ್ನೂ ತೆಂಗಿನ ಮರಗಳನ್ನೂ ತೆಗೆಸಿ ಬಯಲು ಮಾಡಲಾಯಿತು. 1803ರ ಫೆಬ್ರವರಿ 17ರಂದು ಕೋಟೆಯೊಳಗೆ ಹೊತ್ತಿದ ಬೆಂಕಿ ಉತ್ತರ ಭಾಗವನ್ನು ಬೂದಿ ಮಾಡಿದ ಮೇಲೆ ಆ ಬಯಲು ಇನ್ನಷ್ಟು ಹಿಗ್ಗಿತು. ನೆಲೆ ತಪ್ಪಿದ ಅನೇಕರು ಬಯಲಿನಾಚೆ ಹೊಸ ಪೇಟೆಗಳನ್ನು ಕಟ್ಟಿಕೊಂಡರು.

ವಿಚಿತ್ರವೆಂದರೆ, ಇಷ್ಟೆಲ್ಲ ಸಿದ್ಧತೆಯ ಗೋಡೆ ಒಂದು ಮುತ್ತಿಗೆಯನ್ನೂ ಕಾಣಲಿಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಬಳಿಕ ಎದುರಾಳಿಯೇ ಉಳಿಯಲಿಲ್ಲ. ಕಾಯಲೆಂದು ಕಟ್ಟಿದ್ದು ಕಟ್ಟಿಹಾಕತೊಡಗಿತು. ಒಳಗೆ ಇಕ್ಕಟ್ಟು, ಹೊರಗೆ ಕಂದಕದ ಕೊಳೆನೀರು. 1853ರಲ್ಲಿ ಬೋರಿ ಬಂದರಿನಿಂದ ರೈಲು ಹೊರಟಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಗವರ್ನರ್ ಆದ ಬಾರ್ಟಲ್ ಫ್ರಿಯರ್ ಗೋಡೆಗಳನ್ನು ಕೆಡವಿಸಿದನು. ಮುಕ್ತವಾದ ನೆಲ ನಿವೇಶನಗಳಾಗಿ ಮಾರಾಟವಾಯಿತು. ಚರ್ಚ್ ಗೇಟ್ ಇದ್ದ ಎಡೆಯಲ್ಲಿ 1864ರಲ್ಲಿ ಫ್ಲೋರಾ ಕಾರಂಜಿ ನಿಂತಿತು. ಇಂದು ಅದು ಹುತಾತ್ಮ ಚೌಕ; ನಿಲ್ದಾಣದಿಂದ ಪೂರ್ವಕ್ಕೆ ಹತ್ತು ನಿಮಿಷದ ನಡಿಗೆ. ಗೋವಿಂದ ನಾರಾಯಣ ಮಾಡಗಾಂವಕರರ ಮರಾಠಿ ಕೃತಿ ‘ಮುಂಬಯಿಚೆ ವರ್ಣನ’ ಪ್ರಕಟವಾದದ್ದು 1863ರಲ್ಲಿ, ಹಳೆಯ ಪಟ್ಟಣ ಕಣ್ಣೆದುರೇ ಕರಗುತ್ತಿದ್ದ ಹೊತ್ತಿನಲ್ಲಿ.

ಹಾಗಾದರೆ ಉಳಿದದ್ದೇನು? ಸೇಂಟ್ ಜಾರ್ಜ್ ಆಸ್ಪತ್ರೆಯ ಬಳಿ ಪಿ. ಡಿ’ಮೆಲ್ಲೊ ರಸ್ತೆಯಲ್ಲಿ ಫೋರ್ಟ್ ಜಾರ್ಜಿನ ಗೋಡೆಯ ಒಂದು ತುಂಡಿದೆ. ನೌಕಾಪಡೆಯ ಆವರಣದಲ್ಲಿ ಹಳೆಯ ದುರ್ಗದ ಭಾಗಗಳಿವೆ. ಆದರೆ ಕೋಟೆಯ ನಿಜವಾದ ಉಳಿಕೆ ಕಲ್ಲಲ್ಲ, ಅದರ ಮುಂದಿನ ಬಯಲು ಎಂದು ನಮಗೆ ತೋರುತ್ತದೆ. ಓವಲ್, ಕ್ರಾಸ್, ಆಜಾದ್ ಮೈದಾನಗಳು ಆ ಬಯಲಿನ ತುಣುಕುಗಳು. ಫಿರಂಗಿಗಾಗಿ ತೆರವುಗೊಳಿಸಿದ ನೆಲದಲ್ಲಿ ಇಂದು ಮಕ್ಕಳು ಕ್ರಿಕೆಟ್ ಆಡುತ್ತಾರೆ. ಭಯ ಕಟ್ಟಿದ್ದೆಲ್ಲ ಅಳಿದು, ಭಯ ಬರಿದು ಮಾಡಿದ್ದು ನಗರದ ಉಸಿರಾಗಿ ಉಳಿದಿದೆ. ಅಂಗುಲ ನೆಲಕ್ಕೂ ಬೆಲೆ ಕಟ್ಟುವ ಈ ಊರಿನಲ್ಲಿ ಗೋಡೆಯ ನೆನಪಿಗಿಂತ ಆ ಬಯಲನ್ನು ಕಾಯುವುದೇ ದೊಡ್ಡ ಕೆಲಸ.

ದಕ್ಷಿಣ ಕನ್ನಡದಿಂದ ನಮ್ಮ ಹಿರಿಯರು ದೊಡ್ಡ ಸಂಖ್ಯೆಯಲ್ಲಿ ಈ ಕೋಟೆ ಪ್ರದೇಶಕ್ಕೆ ಬಂದದ್ದು ಗೋಡೆ ಬಿದ್ದು ದಶಕಗಳು ಸಂದ ಮೇಲೆ. ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆಯಾದೊಡನೆ ಇಲ್ಲಿಯ ರಾತ್ರಿಶಾಲೆಗಳ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತರು. ಕತ್ತಲಾದಾಗ ಬಾಗಿಲು ಮುಚ್ಚುತ್ತಿದ್ದ ಅದೇ ನೆಲದಲ್ಲಿ, ಕತ್ತಲಾದಾಗಲೇ ಅವರ ಪಾಲಿಗೆ ಬಾಗಿಲು ತೆರೆಯಿತು. ಇನ್ನೊಮ್ಮೆ ಚರ್ಚ್‌ಗೇಟಿನಲ್ಲಿ ಇಳಿದಾಗ ಅವಸರವಿಲ್ಲದಿದ್ದರೆ, ಹುತಾತ್ಮ ಚೌಕದವರೆಗೆ ನಡೆದು ಹೋಗೋಣ. ಇಲ್ಲದ ಆ ಹೊಸ್ತಿಲನ್ನು ನಾವೂ ಒಮ್ಮೆ ತಿಳಿದು ದಾಟಿದಂತಾದೀತು.