ಅಪ್ಪನ ಸಾಲ ಮಗ ತೀರಿಸಬೇಕೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನೆಯ ಹಿರಿಯರು ತೀರಿಕೊಂಡ ಮೇಲೆ ಸಾಲ ಕೊಟ್ಟವರು ಮಗನ ಬಾಗಿಲಿಗೆ ಬರುವುದುಂಟು. ಅಪ್ಪನ ಸಾಲ ತೀರಿಸದಿದ್ದರೆ ಅವನಿಗೆ ಸದ್ಗತಿ ಸಿಗದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತಿಗೆ ಹಳೆಯ ಬೇರಿದೆ.

ಸುಮಾರು 900 ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದರಂತೆ ತಂದೆಯ ಸಾಲವನ್ನು ಮಗ ಬಡ್ಡಿ ಸಮೇತ ತೀರಿಸಬೇಕು. ಮೊಮ್ಮಗ ಅಸಲು ಕೊಟ್ಟರೆ ಸಾಕು. ಆದರೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೆ ಅಂಟದು.

ಬ್ರಿಟಿಷರ ಕಾಲದಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿ 1866ರಲ್ಲಿ ಬಂದ ಕಾಯ್ದೆ, ತಂದೆಯಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಮಗನನ್ನು ಹೊಣೆ ಮಾಡಿತು. ಬಡ್ಡಿಗೂ ಕಡಿವಾಣವಿತ್ತು: ‘ದಾಮದುಪ್ಪಟ’ ನಿಯಮದಂತೆ ಹಿಂದೂಗಳ ಸಾಲದಲ್ಲಿ ಬಾಕಿ ಬಡ್ಡಿ ಅಸಲನ್ನು ಮೀರುವಂತಿರಲಿಲ್ಲ. ಮುಂದೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅದರ ನಂತರ ಮಾಡಿದ ಸಾಲಕ್ಕೆ ‘ಮಗನ ಧರ್ಮ’ ಎಂಬ ಒಂದೇ ಕಾರಣದ ಮೇಲೆ ವಸೂಲಿ ಮಾಡುವುದನ್ನು ನಿಲ್ಲಿಸಿತು.

ಹಾಗಂತ ಸಾಲ ಮುಳುಗಿಸಬಹುದೇ? ಇಲ್ಲ. ಅಪ್ಪನ ಹೊಲ ಬೇಕು, ಅಪ್ಪನ ಸಾಲ ಬೇಡ ಅನ್ನುವುದು ನ್ಯಾಯವಲ್ಲ. ಬಡ್ಡಿಯಿಲ್ಲದೆ, ಕಾಗದವಿಲ್ಲದೆ ಕೈಗಡ ಕೊಟ್ಟ ನೆರೆಯವರಿಗೆ ನಮ್ಮ ಮಾತೇ ಸಾಕ್ಷಿ. ಅವರ ದುಡ್ಡು ಮೊದಲು ಮುಟ್ಟಬೇಕು. ಆದರೆ ಅಪ್ಪನಿಂದ ಏನೂ ಬಾರದ ಮಗನನ್ನು ಸದ್ಗತಿಯ ಹೆಸರಲ್ಲಿ ಹೆದರಿಸಿ, ಅವನ ಕೂಲಿಯ ದುಡ್ಡು ಕಿತ್ತುಕೊಳ್ಳುವುದು ವಸೂಲಿಯಲ್ಲ, ಸುಲಿಗೆ.