ಕೂಸಿನ ಉಸಿರೆಣಿಕೆ: ಎಳೆಯರ ಶ್ವಾಸರೋಗ ಸಂಶೋಧನೆಯ ಇತಿಹಾಸ

ಪಾವಗಡ ಗೌರಿಬಿದನೂರುಗಳ ನೆರೆಯಲ್ಲಿದ್ದು, ಕನ್ನಡ ತೆಲುಗುಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಕಲ್ಯಾಣದುರ್ಗ ಹಿಂದೂಪುರಗಳ ಸೀಮೆಯಲ್ಲಿ, ಕೂಸಿಗೆ ಪಕ್ಕೆ ಸೆಳೆಯುತ್ತಿದೆಯೆಂದು ತಾಯಿಯಾದವಳು ಹೇಳುವ ಮಾತಿನಲ್ಲಿ ವೈದ್ಯಶಾಸ್ತ್ರವು ಬಹುಕಾಲದ ಶ್ರಮದಿಂದ ಗಳಿಸಿದ ಒಂದು ಲಕ್ಷಣಜ್ಞಾನವು ಅಡಗಿದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದಲೇ ಊಹಿಸುವ ವಿಧಾನವನ್ನು ಕಾಶ್ಯಪಸಂಹಿತೆಯ ವೇದನಾಧ್ಯಾಯವು ಪ್ರತ್ಯೇಕವಾಗಿ ನಿರೂಪಿಸಿರುವುದು ಸ್ಮರಣೀಯ. ನೇಪಾಳದ ಹಸ್ತಪ್ರತಿಯಿಂದ ಆ ಗ್ರಂಥವು ಮುದ್ರಣಗೊಂಡದ್ದು 1938ರಲ್ಲಿ.

ಎರಡು ವರ್ಷದೊಳಗಿನ ಮಕ್ಕಳಲ್ಲಿ, ವಿಶೇಷವಾಗಿ ಮೊದಲ ಆರು ತಿಂಗಳಲ್ಲಿ, ನೆಗಡಿಯಾಗಿ ತೊಡಗಿ ಎದೆಗಿಳಿಯುವ ಬ್ರಾಂಕಿಯೋಲೈಟಿಸ್ ಎಂಬ ವ್ಯಾಧಿಯಲ್ಲಿ ಶ್ವಾಸಕೋಶದ ಅತಿಸೂಕ್ಷ್ಮ ನಾಳಗಳು ಊದಿಕೊಂಡು ಕಫದಿಂದ ಕಟ್ಟಿಕೊಳ್ಳುತ್ತವೆ. ನಳಿಕೆಯ ತ್ರಿಜ್ಯವು ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ತಡೆಯು ಹದಿನಾರು ಪಟ್ಟು ಏರುವುದೆಂಬ ಭೌತನಿಯಮವನ್ನು ನೆನೆದರೆ, ದೊಡ್ಡವರಿಗೆ ಕೇವಲ ಶೀತವಾದುದು ಕೂಸಿಗೆ ಪ್ರಾಣಸಂಕಟವೇಕೆಂಬುದು ವಿಶದವಾಗುವುದು. ಇದರ ಮುಖ್ಯಕಾರಣವಾದ ಆರ್‌ಎಸ್‌ವಿ ವೈರಾಣು 1956ರಲ್ಲಿ ಅಮೆರಿಕದಲ್ಲಿ ನೆಗಡಿಯಿಂದ ನರಳುತ್ತಿದ್ದ ಚಿಂಪಾಂಜಿಗಳಲ್ಲಿ ಮೊದಲು ಗೋಚರಿಸಿತು. ಮರುವರ್ಷವೇ ರಾಬರ್ಟ್ ಚಾನಾಕ್ ಮತ್ತವರ ಸಂಗಡಿಗರು ಅದನ್ನು ಬಾಲ್ಟಿಮೋರಿನ ರೋಗಿ ಶಿಶುಗಳಲ್ಲಿಯೂ ಕಂಡರು.

ಕಂಡದ್ದನ್ನು ಜಯಿಸುವ ಆತುರದಲ್ಲಿ ನಡೆದುದು ನೆನೆಯಲೂ ವ್ಯಥೆಯಾಗುವ ಅಧ್ಯಾಯ. 1966ರಲ್ಲಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆಯನ್ನು ಪಡೆದ ಶಿಶುಗಳಲ್ಲಿ, ಮುಂದೆ ನೈಜಸೋಂಕು ತಗುಲಿದವರ ಪೈಕಿ ಶೇಕಡ 80 ಮಂದಿ ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ಮಡಿದರು; ಕಾಯಬೇಕಾದ ಔಷಧವೇ ವ್ಯಾಧಿಯನ್ನು ಉಗ್ರವಾಗಿಸಿತ್ತು. ಅದರ ಮರ್ಮವು ಬಯಲಾಗಲು ದಶಕಗಳೇ ಬೇಕಾದವು. ಜೀವಕೋಶವನ್ನು ಹೊಗುವ ಮುನ್ನ ಆ ವೈರಾಣುವಿನ ಎಫ್ ಪ್ರೋಟೀನು ತಳೆದಿರುವ ರೂಪವನ್ನು ಮೆಕ್‌ಲೆಲನ್ ಮತ್ತು ಗ್ರಹಾಂ ತಂಡದವರು 2013ರಲ್ಲಿ ಬೆಳಕಿಗೆ ತಂದರು. ಹತ್ತು ವರ್ಷಗಳ ತರುವಾಯ ಗರ್ಭಿಣಿಗೆ ಕೊಟ್ಟು ಶಿಶುವನ್ನು ಕಾಯುವ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದರೆ ಪ್ರಯೋಗಾಲಯದ ಈ ಕಥೆಗಿಂತಲೂ ನಮ್ಮ ಸೀಮೆಗೆ ಹೆಚ್ಚು ಸಲ್ಲುವ ಕಥೆಯು ವೇಲೂರಿನದು. ಕ್ಷಕಿರಣ ಯಂತ್ರವಿಲ್ಲದ ಊರಿನಲ್ಲಿ ನ್ಯುಮೋನಿಯವನ್ನು ಗುರುತಿಸುವುದೆಂತೆಂಬ ಪ್ರಶ್ನೆಗೆ ಪಾಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಉತ್ತರವನ್ನು ಅರಸುತ್ತಿದ್ದ ದಶಕದಲ್ಲಿಯೇ, ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಚೆರಿಯನ್, ಜೇಕಬ್ ಜಾನ್ ಮೊದಲಾದವರು, ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50ಕ್ಕಿಂತಲೂ, ಅದಕ್ಕೆ ಮೇಲ್ಪಟ್ಟ ಎಳೆಯರಿಗೆ 40ಕ್ಕಿಂತಲೂ ಮಿಗಿಲಾದ ಉಸಿರಾಟವೂ ಪಕ್ಕೆ ಸೆಳೆತವೂ ನಂಬಬಹುದಾದ ಲಕ್ಷಣಗಳೆಂದು 1988ರಲ್ಲಿ ಪ್ರಕಟಿಸಿದರು. ಸ್ಟೆತಸ್ಕೋಪು ಇಲ್ಲದೆ, ಬರಿಗಣ್ಣಿನಿಂದಲೂ ಗಡಿಯಾರದಿಂದಲೂ ಮಾಡಬಲ್ಲ ಈ ಪರೀಕ್ಷೆಯನ್ನು ನಾನು ದಕ್ಷಿಣ ಭಾರತದ ವೈದ್ಯವಿಜ್ಞಾನದ ಮಹತ್ತಾದ ಕೊಡುಗೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಕಾರ್ಯಕರ್ತರಿಗೆ ಇಂಥ ವಿದ್ಯೆಯನ್ನೇ ಕಲಿಸಿ ನ್ಯುಮೋನಿಯದ ಶಿಶುಮರಣವನ್ನು ತಗ್ಗಿಸಿದ್ದನ್ನು 1990ರಲ್ಲಿ ಲೋಕಕ್ಕೆ ತೋರಿಸಿದರು.

ಅದೇ ವರ್ಷ ವೇಲೂರಿನ ತಂಡವು ಬ್ರಾಂಕಿಯೋಲೈಟಿಸನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಶೀತದೇಶಗಳಲ್ಲಿ ಚಳಿಗಾಲದ ಪೀಡೆಯಾದ ಇದು ನಮ್ಮಲ್ಲಿ ಮಳೆಯ ತಿಂಗಳುಗಳನ್ನು ಅನುಸರಿಸುವುದೆಂದು ಕಂಡುಬಂದಿತು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಾತ್ರ ಮಳೆ ಕಂಡು, ಅದರಲ್ಲಿಯೂ ಸೆಪ್ಟೆಂಬರ್ ಅಕ್ಟೋಬರುಗಳನ್ನೇ ಹೆಚ್ಚಾಗಿ ನೆಚ್ಚಿರುವ ಹಳೆಯ ಅನಂತಪುರ ಜಿಲ್ಲೆಗೆ ಈ ನಿರ್ಣಯವನ್ನು ಅನ್ವಯಿಸಿ ನೋಡುವುದು ಯುಕ್ತವೆಂದು ತೋರುತ್ತದೆ. ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಕಲ್ಯಾಣದುರ್ಗದಲ್ಲಿಯೂ ಬತ್ತಲಪಲ್ಲಿಯಲ್ಲಿಯೂ ನಡೆಸುತ್ತಿರುವ ಆಸ್ಪತ್ರೆಗಳಾಗಲಿ ಹಿಂದೂಪುರದ ಸರಕಾರಿ ಆಸ್ಪತ್ರೆಯಾಗಲಿ ಇಂಥ ಕೂಸುಗಳಿಗೆ ಕೊಡಬೇಕಾದುದು ಬಹಳವಿಲ್ಲ: ಬೇಕಾದಾಗ ಆಮ್ಲಜನಕ, ಬಿಡದೆ ಹಾಲು ದ್ರವಗಳು, ಎಚ್ಚರದ ಶುಶ್ರೂಷೆ. ವೈರಾಣುವಿನ ಮುಂದೆ ಆಂಟಿಬಯೋಟಿಕ್ ನಿಷ್ಪ್ರಯೋಜಕ.

2019ರಲ್ಲಿ ಆರ್‌ಎಸ್‌ವಿ ವೈರಾಣುವಿನಿಂದ ಲೋಕದಲ್ಲಿ ಐದು ವರ್ಷದೊಳಗಿನ ಸುಮಾರು 1,01,400 ಮಕ್ಕಳು ಸತ್ತರೆಂದು ವಿದ್ವಾಂಸರು ಗಣಿಸಿದ್ದಾರೆ. ಅವರಲ್ಲಿ ಶೇಕಡ 97ಕ್ಕೂ ಹೆಚ್ಚು ಮಂದಿ ಅಲ್ಪಾದಾಯ ಮಧ್ಯಮಾದಾಯ ದೇಶಗಳವರು, ಬಹುಪಾಲು ಆಸ್ಪತ್ರೆಯ ಹೊರಗೆ ಸತ್ತವರು. ಆದುದರಿಂದಲೇ ಮನೆಯ ಹಜಾರದಲ್ಲಿ ಕುಳಿತು, ಅಳುವನ್ನೂ ಹಾಲೂಡಿಕೆಯನ್ನೂ ನಿಲ್ಲಿಸಿ, ಕೂಸಿನ ಅಂಗಿಯನ್ನು ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸುವ ಆಶಾ ಕಾರ್ಯಕರ್ತೆಯ ಎಣಿಕೆಯು 48 ಆಯಿತೋ 54 ಆಯಿತೋ ಎಂಬುದರ ಮೇಲೆ, ಆ ರಾತ್ರಿ ಕಲ್ಯಾಣದುರ್ಗಕ್ಕೆ ಗಾಡಿ ಹೊರಡಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ.